ಗಂಟು ಬಿಚ್ಚಿದ ಮೇಲೆ ಏನು ಉಳಿಯುತ್ತದೆ?

ಆನ್ರಿ-ಜಾರ್ಜ್ ಕ್ಲೂಜೊ ನಿರ್ದೇಶಿಸಿದ 'ಲೇ ದ್ಯಾಬೊಲೀಕ್' ಚಿತ್ರ 1955ರಲ್ಲಿ ಫ್ರಾನ್ಸಿನಲ್ಲಿ ತೆರೆಕಂಡಾಗ, ಕಥೆ ಮುಗಿದ ಕೂಡಲೇ ಪರದೆಯ ಮೇಲೆ ಪ್ರೇಕ್ಷಕರಿಗೊಂದು ವಿನಂತಿ ಕಾಣಿಸಿಕೊಳ್ಳುತ್ತಿತ್ತು. ಈ ಚಿತ್ರದ ಕೊನೆಯನ್ನು ಹೊರಗೆ ಯಾರಿಗೂ ಹೇಳಬಾರದು ಎಂಬುದು ಅದರ ಸಾರ. ಅಂದಿನ ಆ ವಿನಂತಿ ಇಂದು ಓದುಗರ, ನೋಡುಗರ ನಡುವಿನ ಶಿಷ್ಟಾಚಾರವೇ ಆಗಿದೆ. 'ಕೊನೆ ಹೇಳಬೇಡ ಮಾರಾಯ' ಎನ್ನದೆ ಥ್ರಿಲ್ಲರ್ ಬಗ್ಗೆ ಯಾರೂ ಮಾತಿಗೆ ಕೂರುವುದಿಲ್ಲ. ದುರ್ಯೋಧನನ ತೊಡೆ ಮುರಿಯುತ್ತದೆಂದು ಚಿಕ್ಕಂದಿನಿಂದ ಗೊತ್ತಿದ್ದೂ ಗದಾಪರ್ವದ ತಾಳಮದ್ದಳೆಗೆ ಬೆಳಗಿನ ಜಾವದವರೆಗೆ ಕೂರುವ ಜನ ನಾವು. ನಮಗೆ ಈ ಕಟ್ಟುಪಾಡು ವಿಚಿತ್ರವೆನಿಸಬೇಕು. ಕೊನೆ ಗೊತ್ತಾದ ಮಾತ್ರಕ್ಕೆ ಕೆಟ್ಟುಹೋಗುವ ಕಥೆಯಲ್ಲಿ ಆ ಕೊನೆಯನ್ನು ಬಿಟ್ಟರೆ ಇನ್ನೇನಿತ್ತು?

ಈ ಪ್ರಶ್ನೆಯನ್ನು ತಿರಸ್ಕಾರದಿಂದ ಕೇಳುತ್ತಿಲ್ಲ. ಫ್ರೆಂಚರ ಒಗಟಿನಂಥ ಥ್ರಿಲ್ಲರ್ ಕಾದಂಬರಿಗಳನ್ನು ಇಂಗ್ಲಿಷ್ ಅನುವಾದಗಳಲ್ಲಿ ಬಹುಕಾಲದಿಂದ ಪ್ರೀತಿಯಿಂದ ಓದುತ್ತ ಬಂದಿದ್ದೇನೆ. ಆ ಪ್ರೀತಿಯೇ ಈ ಪ್ರಶ್ನೆಗೆ ಕಾರಣ. ಹತ್ತಾರು ಎಳೆಗಳನ್ನು ಹೆಣೆದು, ಕೊನೆಯ ಪುಟದಲ್ಲಿ ಒಂದೇ ಎಳೆತಕ್ಕೆ ಬಿಚ್ಚುವ ಆ ಪರಂಪರೆಯಲ್ಲಿ ಮರೆಯಲಾಗದ ಪುಸ್ತಕಗಳಿವೆ. ಅದೇ ಹೆಣಿಗೆ, ಅದೇ ಚಾತುರ್ಯ ಇದ್ದೂ ಓದಿದ ವಾರಕ್ಕೆ ಹೆಸರೂ ನೆನಪಿರದ ಪುಸ್ತಕಗಳೂ ಬೇಕಾದಷ್ಟಿವೆ. ಎರಡಕ್ಕೂ ನಡುವಿನ ವ್ಯತ್ಯಾಸ ಎಲ್ಲಿದೆ ಎಂದು ಕೇಳಿಕೊಂಡಾಗ ನನಗೆ ಸಿಗುವ ಉತ್ತರ ಒಂದೇ: ತಿರುವಿನ ಪೆಟ್ಟು ಕಥೆಯೊಳಗಿನ ಯಾರಿಗಾದರೂ ಬೀಳಬೇಕು. ಓದುಗನಿಗೆ ಮಾತ್ರ ಬಿದ್ದರೆ ಅದು ಕೈಚಳಕವಷ್ಟೆ. ಇದನ್ನು ತೋರಿಸಿಕೊಡಬೇಕಾದರೆ ಕೆಲವು ಹಳೆಯ ಕಾದಂಬರಿಗಳ ಗುಟ್ಟನ್ನು ರಟ್ಟು ಮಾಡದೆ ವಿಧಿಯಿಲ್ಲ. ಹೊಸದರ ಗುಟ್ಟನ್ನು ಆದಷ್ಟೂ ಉಳಿಸುತ್ತೇನೆ. ಕಾದಂಬರಿಗಳ ಹೆಸರನ್ನು ಬಹುಪಾಲು ಕನ್ನಡದ ಅರ್ಥದಲ್ಲೇ ಕೊಡುತ್ತೇನೆ.

ಫ್ರಾನ್ಸಿನಲ್ಲಿ ಪತ್ತೇದಾರಿ ಕಥೆಗೆ ದೊಡ್ಡ ಇತಿಹಾಸವಿದೆ. ಎಮಿಲ್ ಗಾಬೊರಿಯೊ 1860ರ ದಶಕದಲ್ಲೇ ಪತ್ರಿಕೆಯ ಧಾರಾವಾಹಿಯಾಗಿ ಕೊಲೆಯ ತನಿಖೆ ಬರೆದ. ಗಾಸ್ತೋಂ ಲೆರೂ 1907ರಲ್ಲಿ 'ಹಳದಿ ಕೋಣೆಯ ರಹಸ್ಯ' ಬರೆದು, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ದಾಳಿ ನಡೆಸಿ ಹೊರಬಿದ್ದವನು ಎಲ್ಲಿ ಹೋದ ಎಂಬ ಪ್ರಶ್ನೆಗೆ ಇಡೀ ದೇಶವನ್ನು ಕಾಯಿಸಿದ. ಇಲ್ಲಿಯವರೆಗೆ ಒಗಟು ಇದ್ದದ್ದು ಬಾಗಿಲು, ಕಿಟಕಿ, ಗಡಿಯಾರಗಳಲ್ಲಿ. ಅದನ್ನು ಮನುಷ್ಯನ ತಲೆಯೊಳಕ್ಕೆ ತಂದವರು ಪಿಯೆರ್ ಬ್ವಾಲೊ ಮತ್ತು ತೊಮಾ ನಾರ್ಸೆಜಾಕ್ ಎಂಬ ಜೋಡಿ. ಬ್ವಾಲೊ ಅದಾಗಲೇ ಬೀಗ ಹಾಕಿದ ಕೋಣೆಯ ಕಥೆಗಳಲ್ಲಿ ಕೈಪಳಗಿದವರು, 1938ರಲ್ಲಿ ಸಾಹಸ ಕಾದಂಬರಿಗೆಂದೇ ಇದ್ದ ಬಹುಮಾನ ಪಡೆದಿದ್ದರು. ಹತ್ತು ವರ್ಷದ ನಂತರ ಅದೇ ಬಹುಮಾನ ನಾರ್ಸೆಜಾಕರಿಗೆ ಬಂತು, ಆ ಔತಣದಲ್ಲಿ ಇಬ್ಬರ ಭೇಟಿಯಾಯಿತು. ಕಥೆಯ ಹಂದರ ಕಟ್ಟುವುದು ಬ್ವಾಲೊ ಪಾಲಿಗೆ, ಅದಕ್ಕೆ ಮನುಷ್ಯರನ್ನೂ ಮಾತನ್ನೂ ತುಂಬುವುದು ನಾರ್ಸೆಜಾಕ್ ಪಾಲಿಗೆ ಎಂದು ಕೆಲಸ ಹಂಚಿಕೊಂಡರು. ಇಂಗ್ಲಿಷ್ ಮಾದರಿಯಲ್ಲಿ ಪತ್ತೇದಾರನ ಬುದ್ಧಿ ಮೆರೆಯುತ್ತದೆ, ಅಮೆರಿಕದ ಮಾದರಿಯಲ್ಲಿ ಅವನ ಮುಷ್ಟಿ ಮೆರೆಯುತ್ತದೆ, ಸಾಯುವವನ ಪಾಡು ಏನೆಂದು ಯಾರೂ ಕೇಳುವುದಿಲ್ಲ ಎಂಬುದು ಅವರ ತಕರಾರಾಗಿತ್ತು. ತಾವು ಬರೆಯುವುದು ಬಲಿಯಾಗುವವನ ಕಾದಂಬರಿ ಎಂದರು.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ಕನ್ನಡ ಓದುಗರಿಗೆ ಈ ಬದಲಾವಣೆ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ. ಪುರುಷೋತ್ತಮ ಇದ್ದಾನೆಂದರೆ ಓದುಗನಿಗೆ ಧೈರ್ಯ. ಬ್ವಾಲೊ-ನಾರ್ಸೆಜಾಕ್ ಮೊದಲು ಕಿತ್ತುಕೊಂಡದ್ದು ಆ ಧೈರ್ಯವನ್ನೇ.

ಅವರ 1952ರ 'ಇಲ್ಲವಾದವಳು' ಕಾದಂಬರಿಯನ್ನು ನೋಡಿ. 'ಲೇ ದ್ಯಾಬೊಲೀಕ್' ಹುಟ್ಟಿದ್ದು ಇದರಿಂದಲೇ, ಆದರೆ ಚಿತ್ರದಲ್ಲಿ ಕಥೆ ವಸತಿ ಶಾಲೆಯೊಂದಕ್ಕೆ ಹೋಗಿ, ಗಂಡ-ಹೆಂಡಿರ ಪಾತ್ರ ಅದಲುಬದಲಾಗಿದೆ. ಕಾದಂಬರಿಯ ರವಿನೆಲ್ ಮೀನು ಹಿಡಿಯುವ ಗಾಳ, ದಾರ, ಕೋಲುಗಳನ್ನು ಊರೂರು ಸುತ್ತಿ ಮಾರುವ ಸಾಧಾರಣ ಪ್ರತಿನಿಧಿ. ಅವನಿಗೊಬ್ಬಳು ಪ್ರೇಯಸಿ, ವೈದ್ಯೆ ಲೂಸಿಯೆನ್. ವಿಮೆಯ ಹಣಕ್ಕಾಗಿ ಇಬ್ಬರೂ ಸೇರಿ ಅವನ ಹೆಂಡತಿ ಮಿರೆಯ್‌ಳನ್ನು ನಾಂತ್ ಪಟ್ಟಣಕ್ಕೆ ಕರೆಸಿ, ಮಂಪರಿನ ಔಷಧಿ ಕುಡಿಸಿ, ಸ್ನಾನದ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಕೊಲೆಯ ಹೊತ್ತಿನಲ್ಲಿ ಲೇಖಕರು ನಮ್ಮನ್ನು ತೊಟ್ಟಿಯ ಪಕ್ಕ ನಿಲ್ಲಿಸುವುದಿಲ್ಲ. ಕೈಲಾಗದೆ ಆಚೆ ಉಳಿದ ರವಿನೆಲ್‌ನ ಪಕ್ಕ ಕೂರಿಸುತ್ತಾರೆ. ನೀರು ತುಂಬುವ ಸದ್ದನ್ನು ಅವನ ಕಿವಿಯಿಂದಲೇ ಕೇಳುತ್ತೇವೆ. ಆಮೇಲೆ ರಾತ್ರಿ ಹೆಣವನ್ನು ಕಾರಿನಲ್ಲಿ ಹೇರಿಕೊಂಡು ಪ್ಯಾರಿಸ್ ಬಳಿಯ ಆಂಗ್ಯಾಂನ ಮನೆಗೆ ತಂದು, ಜಾರಿಬಿದ್ದು ಸತ್ತಳೆಂದು ತೋರುವಂತೆ ಬಟ್ಟೆ ಒಗೆಯುವ ನೀರಿನ ಹೊಂಡದಲ್ಲಿ ಹಾಕುತ್ತಾರೆ. ಆಮೇಲೆ ರವಿನೆಲ್ ಹೋಗಿ ನೋಡಿದರೆ ಹೊಂಡ ಖಾಲಿ. ಮತ್ತೆ ಸತ್ತವಳ ಕೈಬರಹದ ಚೀಟಿ ಬರುತ್ತದೆ. ಅವಳು ಅಣ್ಣನ ಮನೆಗೆ ಬಂದು ಹೋದಳೆಂಬ ಸುದ್ದಿ ಬರುತ್ತದೆ.

ಇಲ್ಲಿ ಒಗಟು ಏನೆಂದು ಕೇಳಿದರೆ, ಹೆಣ ಎಲ್ಲಿ ಹೋಯಿತು ಎಂದು ಒಂದು ವಾಕ್ಯದಲ್ಲಿ ಹೇಳಬಹುದು. ಆದರೆ ಪುಟ ತಿರುಗಿಸುವಂತೆ ಮಾಡುವುದು ಆ ಪ್ರಶ್ನೆಯಲ್ಲ. ಬಾಲ್ಯದಿಂದ ಮಂಜಿನೊಳಗೆ ಕಣ್ಮರೆಯಾಗುವ ಆಟ ಕಲ್ಪಿಸಿಕೊಳ್ಳುತ್ತಿದ್ದ ಈ ದುರ್ಬಲ ಮನುಷ್ಯ ನಿಧಾನವಾಗಿ ಹೆಂಡತಿಯ ದೆವ್ವವನ್ನು ನಂಬತೊಡಗುತ್ತಾನೆ. ಇನ್ನೂ ಭೀಕರವೆಂದರೆ, ಅವಳಿಗಾಗಿ ಹಂಬಲಿಸತೊಡಗುತ್ತಾನೆ. ಕೊನೆಗೆ ರಾತ್ರಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದಾಗ ತನಗೆ ತಾನೇ ಗುಂಡು ಹೊಡೆದುಕೊಳ್ಳುತ್ತಾನೆ. ಮಿರೆಯ್ ಸತ್ತೇ ಇರಲಿಲ್ಲ, ಅವಳೂ ಲೂಸಿಯೆನ್‌ಳೂ ಕೂಡಿ ಹೂಡಿದ ಆಟವಿದು ಎಂದು ನಮಗೆ ತಿಳಿಯುವುದು ಅದಾದ ಮೇಲೆ, ಒಂದು ಪುಟ್ಟ ಅಧ್ಯಾಯದಲ್ಲಿ. ಗುಟ್ಟು ಗೊತ್ತಿದ್ದು ಎರಡನೇ ಸಲ ಓದಿದರೆ ಈ ಕಾದಂಬರಿ ಬಡವಾಗುವುದಿಲ್ಲ. ರವಿನೆಲ್ ಬಗ್ಗೆ ಕನಿಕರ ಇನ್ನೂ ಹೆಚ್ಚುತ್ತದೆ. ಕೊಲೆಗಾರನೆಂದು ತಿಳಿದೇ ಅವನ ಬಗ್ಗೆ ಕನಿಕರಪಡುವ ಸಂಕಟಕ್ಕೆ ಲೇಖಕರು ನಮ್ಮನ್ನು ಒಡ್ಡುತ್ತಾರೆ. ಒಗಟು ಇಷ್ಟು ಕೆಲಸ ಮಾಡಿದರೆ ಅದಕ್ಕಿಂತ ಹೆಚ್ಚು ಕೇಳಬೇಕಾಗಿಲ್ಲ.

ಈ ಬಗೆಯ ಬರವಣಿಗೆಯ ಸೆಳೆತ ಇನ್ನೊಂದು ಎತ್ತರ ಮುಟ್ಟಿದ್ದು ಸೆಬಾಸ್ತಿಯಾಂ ಜಪ್ರಿಜೊ ಅವರಲ್ಲಿ. 1931ರಲ್ಲಿ ಮಾರ್ಸೇ ಪಟ್ಟಣದಲ್ಲಿ ಹುಟ್ಟಿದ ಇವರ ನಿಜ ಹೆಸರು ಜಾನ್-ಬಾಪ್ತಿಸ್ತ್ ರೊಸ್ಸಿ. ಅದರ ಅಕ್ಷರಗಳನ್ನೇ ಕಲಸಿ ಕಾವ್ಯನಾಮ ಕಟ್ಟಿಕೊಂಡರು. 1962ರಲ್ಲಿ ಬಂದ ಮೊದಲ ಒಗಟು-ಕಾದಂಬರಿಯಲ್ಲಿ ಮಾರ್ಸೇಯಿಂದ ಪ್ಯಾರಿಸ್ಸಿಗೆ ಬಂದ ರಾತ್ರಿ ರೈಲಿನ ಒಂದು ಬೋಗಿಯ ಕೋಣೆಯಲ್ಲಿ ಹೆಣ ಸಿಗುತ್ತದೆ, ಆಮೇಲೆ ಆ ಕೋಣೆಯಲ್ಲಿ ಮಲಗಿದ್ದ ಉಳಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಮರುವರ್ಷದ 'ಸಿಂಡರೆಲಾಗೊಂದು ಬೋನು' ಇನ್ನೂ ಮುಂದೆ ಹೋಯಿತು. ಬೆಂಕಿ ಅನಾಹುತದಲ್ಲಿ ಮುಖವೂ ಕೈಗಳೂ ಸುಟ್ಟ ಹುಡುಗಿಗೆ ನೆನಪು ಹೋಗಿದೆ. ಬೆಂಕಿಯಲ್ಲಿ ಇದ್ದದ್ದು ಇಬ್ಬರು, ಒಬ್ಬಳು ಶ್ರೀಮಂತೆ, ಇನ್ನೊಬ್ಬಳು ಅವಳ ಬಡ ಗೆಳತಿ. ಬದುಕುಳಿದವಳು ಯಾರು? ಪತ್ತೆ ಮಾಡಬೇಕಾದವಳು, ಸಾಕ್ಷಿ ಹೇಳಬೇಕಾದವಳು, ಬಲಿಯಾದವಳು, ಕೊಂದವಳು ಈ ನಾಲ್ವರೂ ಒಬ್ಬಳೇ ಆಗಿರುವ ಸಾಧ್ಯತೆಯ ಮೇಲೆ ಕಾದಂಬರಿ ನಿಂತಿದೆ.

ಚಾತುರ್ಯಕ್ಕೆ ಇದು ದೊಡ್ಡ ಉದಾಹರಣೆ, ನಿಜ. ನನಗೆ ಹೆಚ್ಚು ಹತ್ತಿರವಾದದ್ದು 1966ರ 'ಕಾರಿನ ಹೆಂಗಸು, ಕನ್ನಡಕ, ಬಂದೂಕು'. ಜಾಹೀರಾತು ಕಂಪನಿಯೊಂದರ ಕಾರ್ಯದರ್ಶಿ ದಾನಿ ಲೋಂಗೊ ಅನಾಥಾಲಯದಲ್ಲಿ ಬೆಳೆದವಳು, ಸಮೀಪದೃಷ್ಟಿಯವಳು, ಮೆಡಿಟರೇನಿಯನ್ ಸಮುದ್ರವನ್ನು ಒಮ್ಮೆಯೂ ನೋಡದವಳು. ಜುಲೈ ತಿಂಗಳ ರಜೆಯಲ್ಲಿ ಯಜಮಾನನ ದೊಡ್ಡ ಥಂಡರ್‌ಬರ್ಡ್ ಕಾರನ್ನು ಮನೆಗೆ ತಲುಪಿಸಬೇಕಾದವಳು, ಇದ್ದಕ್ಕಿದ್ದಂತೆ ದಕ್ಷಿಣದ ಹೆದ್ದಾರಿ ಹಿಡಿಯುತ್ತಾಳೆ. ದಾರಿಯಲ್ಲಿ ಸಿಕ್ಕವರೆಲ್ಲ, ನಿನ್ನೆ ನೀನು ಇಲ್ಲೇ ಬಂದಿದ್ದೆಯಲ್ಲ ಎನ್ನುತ್ತಾರೆ. ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಯಾರೋ ಹಿಂದಿನಿಂದ ಹಿಡಿದು ಅವಳ ಎಡಗೈ ಜಜ್ಜುತ್ತಾರೆ. ಅಲ್ಲಿಯ ಜನ, ನಿನ್ನ ಕೈಗೆ ನಿನ್ನೆ ಬೆಳಿಗ್ಗೆಯೇ ಪಟ್ಟಿ ಕಟ್ಟಿತ್ತು ಎನ್ನುತ್ತಾರೆ. ಅವಳು ಎಡಚಿ. ನೋವು ಅವಳದು, ಆದರೆ ಆ ನೋವು ಯಾವಾಗ ಆಯಿತೆಂಬುದರ ಮೇಲೆ ಅವಳಿಗೆ ಹಕ್ಕಿಲ್ಲ. ಅನಾಥಾಲಯದ ಹಿರಿಯ ಸನ್ಯಾಸಿನಿ ಅವಳ ಮನಸ್ಸಿನೊಳಗೇ ಬಂದು ಗದರುತ್ತಾಳೆ, ಸಮಾಧಾನ ಮಾಡುತ್ತಾಳೆ. ತನ್ನ ಬುದ್ಧಿಯನ್ನೇ ನಂಬಲಾಗದ ಹೊತ್ತಿನಲ್ಲಿ ಒಂಟಿ ಹೆಣ್ಣು ಯಾವುದನ್ನು ಹಿಡಿದು ನಿಲ್ಲುತ್ತಾಳೆ ಎಂಬುದು ಇಲ್ಲಿಯ ನಿಜವಾದ ಕಥೆ. ಒಗಟು ಅದನ್ನು ಹೊರಗೆ ತರುವ ಒತ್ತಡವಾಗಿ ಕೆಲಸ ಮಾಡುತ್ತದೆ.

ಇಂಥ ಕಾದಂಬರಿ ಕೈಗೆ ಸಿಕ್ಕಾಗ ಓದುವ ಕೆಲಸವೇ ಬೇರೆ ಥರ ಆಗುತ್ತದೆ. ನಿರೂಪಕ ಹೇಳಿದ್ದನ್ನು ನಂಬುವ ಅಭ್ಯಾಸ ನಮಗೆಲ್ಲ ಎಳವೆಯಿಂದ ಬಂದದ್ದು. ಆ ನಂಬಿಕೆಯ ಬುಡವೇ ಅಲುಗಾಡಿದಾಗ ಪ್ರತಿ ವಾಕ್ಯವನ್ನೂ ಎರಡು ಸಲ ನೋಡುತ್ತೇವೆ, ಕೈಗೆ ಕಟ್ಟಿದ ಪಟ್ಟಿಯನ್ನೂ ಬಿಡುವುದಿಲ್ಲ. ಸಾವಧಾನವಾಗಿ ಓದಿಸುವುದು ಯಾವ ಕಾಲಕ್ಕೂ ಸುಲಭದ ಕೆಲಸವಲ್ಲ. ಅದನ್ನು ಜನಪ್ರಿಯ ಪ್ರಕಾರವೊಂದು ಲಕ್ಷಾಂತರ ಜನರಿಂದ ಮಾಡಿಸಿತು ಎಂಬುದಕ್ಕೆ ನನ್ನಲ್ಲಿ ತುಂಬು ಗೌರವವಿದೆ.

ಫ್ರಾನ್ಸಿನಲ್ಲಿ ಈ ಕಸುಬನ್ನು ಗಂಭೀರ ಸಾಹಿತ್ಯ ಹೊರಗಿಡಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಲಾಂ ರೋಬ್-ಗ್ರಿಯೆ 1953ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ, ನಡೆಯದೇ ಇದ್ದ ಕೊಲೆಯ ತನಿಖೆಗೆ ಬಂದ ಅಧಿಕಾರಿ ಇಪ್ಪತ್ತನಾಲ್ಕು ಗಂಟೆಗಳ ನಂತರ ಆ ಕೊಲೆಯನ್ನು ತಾನೇ ಮಾಡುತ್ತಾನೆ. ಹಿಂದೆ ಈಡಿಪಸ್‌ನ ನೆರಳಿದೆ. ಪಿಯೆರ್ ಬಯಾರ್ ಎಂಬ ವಿಮರ್ಶಕ 1998ರಲ್ಲಿ ಅಗಾಥಾ ಕ್ರಿಸ್ಟಿಯ ಪ್ರಸಿದ್ಧ ಕಾದಂಬರಿಯೊಂದನ್ನು ಮತ್ತೆ ತನಿಖೆ ಮಾಡಿ, ಲೇಖಕಿ ತೋರಿಸಿದ ಅಪರಾಧಿ ನಿರಪರಾಧಿ ಎಂದು ಇಡೀ ಪುಸ್ತಕ ಬರೆದು ವಾದಿಸಿದ.

ಇವರೆಲ್ಲರಿಗಿಂತ ನನ್ನ ವಾದಕ್ಕೆ ಹೆಚ್ಚು ಬಲ ಕೊಡುವವನು ಜಾರ್ಜ್ ಪೆರೆಕ್. ಅವನ 1969ರ 'ಕಣ್ಮರೆ' ಕಾದಂಬರಿ ಸುಮಾರು 300 ಪುಟಗಳದ್ದು. ಅದರಲ್ಲಿ ಫ್ರೆಂಚ್ ಭಾಷೆಯಲ್ಲೇ ಅತಿ ಹೆಚ್ಚು ಬಳಕೆಯಾಗುವ 'ಇ' ಅಕ್ಷರ ಒಂದು ಸಲವೂ ಬರುವುದಿಲ್ಲ. ಇದನ್ನು ಸರ್ಕಸ್ಸು ಎಂದು ತಳ್ಳಿಹಾಕಿದವರಿದ್ದಾರೆ. ಆದರೆ ಇದೂ ಒಂದು ಪತ್ತೇದಾರಿ ಕಥೆ. ಆಂತೋಂ ವ್ವಾಲ್ ಎಂಬವನು ಕಾಣೆಯಾಗುತ್ತಾನೆ, ಗೆಳೆಯರು ಹುಡುಕುತ್ತಾರೆ, ತಮ್ಮ ಲೋಕದಲ್ಲಿ ಏನು ಇಲ್ಲವೆಂದು ಅರಿತು ಹೇಳಹೊರಟವರು ಸಾಯುತ್ತಾರೆ. ಪೆರೆಕ್‌ನ ತಂದೆ 1940ರಲ್ಲಿ ಯುದ್ಧದಲ್ಲಿ ಸತ್ತರು. ತಾಯಿಯನ್ನು 1943ರಲ್ಲಿ ಆಶ್ವಿಟ್ಜ್‌ಗೆ ಸಾಗಿಸಲಾಯಿತು, ಅವರು ಮರಳಲಿಲ್ಲ. ಇದು ತಿಳಿದ ಮೇಲೆ, ಇಲ್ಲದ್ದನ್ನು ಹೆಸರಿಸಲಾಗದವರ ಆ ಕಥೆಯನ್ನು ಬರೀ ಆಟವೆಂದು ಓದಲು ನನ್ನಿಂದಾಗುವುದಿಲ್ಲ. ಕಟ್ಟುಪಾಡು ಎಷ್ಟೇ ಬಿಗಿಯಾಗಿರಲಿ, ಅದರ ಕೆಳಗೊಂದು ಗಾಯವಿದ್ದರೆ ಚಾತುರ್ಯಕ್ಕೆ ತೂಕ ಬರುತ್ತದೆ.

ಇನ್ನು ತೊಡಕುಗಳ ಮಾತು. ನಾರ್ಸೆಜಾಕ್ 1975ರಲ್ಲಿ ಪತ್ತೇದಾರಿ ಕಾದಂಬರಿಯ ಬಗ್ಗೆ ಬರೆದ ವಿಮರ್ಶಾ ಪುಸ್ತಕಕ್ಕೆ ಇಟ್ಟ ಹೆಸರಿನಲ್ಲೇ ಅದನ್ನು ಓದುವ ಯಂತ್ರವೆಂದು ಕರೆದರು. ಯಂತ್ರಕ್ಕೆ ತನ್ನದೇ ಹಟವಿದೆ. ಹತ್ತು ಗಂಟು ಹಾಕಿದವನು ಹತ್ತನ್ನೂ ಬಿಚ್ಚಲೇಬೇಕು. ಈ ಸಾಲ ತೀರಿಸುವ ಹೊತ್ತಿಗೆ ಎಂಥ ಲೇಖಕರ ಕೈಯೂ ಸೋಲುತ್ತದೆ. ಕಾರಿನ ಹೆಂಗಸಿನ ಕಥೆಯನ್ನೇ ನೋಡಿ. ಮುಕ್ಕಾಲು ಭಾಗ ದಾನಿಯ ಉಸಿರಿನಷ್ಟು ಹತ್ತಿರದಲ್ಲಿ ನಡೆದ ಬರವಣಿಗೆ ಕೊನೆಯ ಭಾಗಕ್ಕೆ ಬಂದಾಗ ಲೆಕ್ಕ ಒಪ್ಪಿಸಲು ನಿಲ್ಲುತ್ತದೆ. ಯಾರು, ಎಷ್ಟು ಹೊತ್ತಿಗೆ, ಎಲ್ಲಿಂದ ಎಲ್ಲಿಗೆ, ಯಾಕೆ ಎಂಬ ಉದ್ದನೆಯ ವಿವರಣೆ. ಎಲ್ಲವೂ ಕೂಡಿ ಬರುತ್ತದೆ, ಜಾಣತನಕ್ಕೆ ತಲೆದೂಗಬೇಕು. ಆದರೆ ಅಷ್ಟರವರೆಗೆ ನಮ್ಮ ಕೈ ಹಿಡಿದಿದ್ದ ಹೆಣ್ಣು ಆ ಪುಟಗಳಲ್ಲಿ ಕೇಳುವವಳಷ್ಟೇ ಆಗುತ್ತಾಳೆ. ಅವಳ ಭಯಕ್ಕೆ ಇದ್ದ ಅರ್ಥವೆಲ್ಲ ಬಸ್ಸಿನ ವೇಳಾಪಟ್ಟಿಯ ಅರ್ಥಕ್ಕೆ ಇಳಿಯುತ್ತದೆ.

ಇದೇ ತೊಡಕನ್ನು ಆಲ್ಫ್ರೆಡ್ ಹಿಚ್‌ಕಾಕ್ ಬಗೆಹರಿಸಿದ ಬಗೆ ಗಮನಿಸಬೇಕಾದದ್ದು. ಬ್ವಾಲೊ-ನಾರ್ಸೆಜಾಕ್ 1954ರಲ್ಲಿ ಬರೆದ 'ಸತ್ತವರ ನಡುವಿನಿಂದ' ಕಾದಂಬರಿಯೇ 1958ರ 'ವರ್ಟಿಗೊ' ಚಿತ್ರಕ್ಕೆ ಮೂಲ. ಎತ್ತರದ ಭಯವುಳ್ಳ ಮಾಜಿ ಪೊಲೀಸ್ ಅಧಿಕಾರಿ ಫ್ಲಾವಿಯೇರ್ ತಾನು ಪ್ರೀತಿಸಿದವಳು ಚರ್ಚಿನ ಗೋಪುರದಿಂದ ಬಿದ್ದು ಸತ್ತಳೆಂದು ನಂಬಿದ್ದಾನೆ. ಯುದ್ಧ ಮುಗಿಯುವ ಹೊತ್ತಿಗೆ ಸಿನಿಮಾ ಮಂದಿರದಲ್ಲಿ ತೋರಿಸಿದ ಸುದ್ದಿಚಿತ್ರದ ಗುಂಪಿನಲ್ಲಿ ಅವಳ ಮುಖ ಕಾಣುತ್ತಾನೆ. ಹುಡುಕಿಕೊಂಡು ಹೋಗಿ, ಸಿಕ್ಕ ಹೆಣ್ಣನ್ನು ಸತ್ತವಳಾಗುವಂತೆ ಪೀಡಿಸುತ್ತಾನೆ. ಇಬ್ಬರೂ ಒಬ್ಬಳೇ ಎಂಬುದು ಕಾದಂಬರಿಯಲ್ಲಿ ಹೊರಬೀಳುವುದು ಕೊನೆಯಲ್ಲಿ, ಫ್ಲಾವಿಯೇರ್ ಅವಳನ್ನು ಕತ್ತು ಹಿಸುಕಿ ಕೊಲ್ಲುವ ಮುನ್ನ. ಹಿಚ್‌ಕಾಕ್ ಈ ಗುಟ್ಟನ್ನು ಮೂರನೇ ಎರಡು ಭಾಗ ಕಳೆಯುತ್ತಿದ್ದಂತೆ ಪ್ರೇಕ್ಷಕರಿಗೆ ಕೊಟ್ಟುಬಿಟ್ಟರು. ಬಿಡುಗಡೆಗೆ ಮುಂಚೆ ಆ ದೃಶ್ಯ ಇರಬೇಕೆ ಬೇಡವೆ ಎಂದು ಸಾಕಷ್ಟು ಜಗ್ಗಾಟವೂ ನಡೆಯಿತು. ಉಳಿದದ್ದರಿಂದ ಆದ ಲಾಭ ಏನು? ಕಾದಂಬರಿಯಲ್ಲಿ ಕೊನೆಯವರೆಗೂ ಗೋಡೆಯಂತಿದ್ದ ಹೆಣ್ಣಿಗೆ ಚಿತ್ರದಲ್ಲಿ ಒಳಗು ಬಂತು. ಅವನು ಬೇರೊಬ್ಬಳ ಬಟ್ಟೆ ತೊಡಿಸುವಾಗ, ಕೂದಲಿಗೆ ಬೇರೊಬ್ಬಳ ಬಣ್ಣ ಹಾಕಿಸುವಾಗ ಅವಳಿಗೆ ಏನಾಗುತ್ತಿದೆ ಎಂದು ನಾವು ಬಲ್ಲೆವು, ಅವನು ಅರಿಯ. ಬೆರಗನ್ನು ತ್ಯಾಗ ಮಾಡಿ ಹಿಚ್‌ಕಾಕ್ ಒಬ್ಬ ವ್ಯಕ್ತಿಯನ್ನು ಪಡೆದರು. ನನ್ನ ಮಟ್ಟಿಗೆ ಮೂಲಕ್ಕಿಂತ ಚಿತ್ರ ದೊಡ್ಡದಾದದ್ದು ಈ ಒಂದು ನಿರ್ಧಾರದಿಂದ.

ಹೊಸ ತಲೆಮಾರಿನ ಮಿಶೆಲ್ ಬ್ಯುಸಿಯವರಲ್ಲಿ ತೊಡಕು ಇನ್ನೊಂದು ರೂಪದಲ್ಲಿದೆ. ರುವಾಂ ವಿಶ್ವವಿದ್ಯಾಲಯದಲ್ಲಿ ಭೂಗೋಳದ ಪ್ರಾಧ್ಯಾಪಕರಾಗಿದ್ದ ಇವರು ಇಂದು ಫ್ರಾನ್ಸಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಲೇಖಕರಲ್ಲೊಬ್ಬರು. 2011ರ 'ಕಪ್ಪು ನೈದಿಲೆಗಳು' ನಡೆಯುವುದು ಚಿತ್ರಕಾರ ಕ್ಲೋದ್ ಮೊನೆಯ ಊರಾದ ಜಿವೆರ್ನಿಯಲ್ಲಿ. ಹನ್ನೊಂದು ವರ್ಷದ ಹುಡುಗಿ, ಮೂವತ್ತಾರರ ಶಾಲಾ ಶಿಕ್ಷಕಿ, ಎಂಬತ್ತು ದಾಟಿದ ಮುದುಕಿ, ಈ ಮೂವರ ಸುತ್ತ ಕೊಲೆಯೊಂದರ ತನಿಖೆ ಸುತ್ತುತ್ತದೆ. ಓಣಿ, ತೊರೆ, ಗಿರಣಿ ಎಲ್ಲವೂ ಭೂಪಟ ಬಲ್ಲವನ ಕಣ್ಣಿನಿಂದ ಬಂದಿವೆ. ಗುಟ್ಟು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಆ ಊರಿನ ಯಾರಿಗೂ ಅದು ಗುಟ್ಟೇ ಅಲ್ಲ. ಕತ್ತಲಲ್ಲಿ ಇರುವವರು ನಾವು ಓದುಗರು ಮಾತ್ರ, ಅದೂ ನಿರೂಪಣೆ ನಮ್ಮನ್ನು ಬೇಕೆಂದೇ ಅಲ್ಲಿಟ್ಟಿರುವುದರಿಂದ. ಹೀಗಾದಾಗ ಗಂಟು ಬಿಚ್ಚಿದ ಕ್ಷಣದಲ್ಲಿ ಕಥೆಯೊಳಗೆ ಯಾರ ಬದುಕೂ ಅಲುಗುವುದಿಲ್ಲ, ಪುಸ್ತಕ ಹಿಡಿದ ಕೈಯಷ್ಟೇ ಅಲುಗುತ್ತದೆ. ಬ್ಯುಸಿಗೆ ಅನ್ಯಾಯ ಮಾಡಬಾರದು. ಗುಟ್ಟು ಗೊತ್ತಾದ ಮೇಲೆ ಆ ಮುದುಕಿಯ ಒಂಟಿತನ ಬೇರೆ ಬೆಳಕಿನಲ್ಲಿ ಕಾಣುತ್ತದೆ, ವ್ಯರ್ಥವಾಗಿ ಕಳೆದ ಒಂದು ಜನ್ಮದ ದುಃಖ ನಿಜವಾಗಿಯೂ ತಟ್ಟುತ್ತದೆ. ಆದರೂ ಆ ದುಃಖ ಮೊದಲಿನಿಂದಲೇ ನಮ್ಮೊಂದಿಗೆ ಇರಬಹುದಿತ್ತು. ತಿರುವಿಗಾಗಿ ಲೇಖಕರು ಅದನ್ನು ಮುಚ್ಚಿಟ್ಟರು, ಹಾಗೆ ಮುಚ್ಚಿಟ್ಟಷ್ಟು ಕಾಲ ನಾವು ಅವಳ ಜೊತೆಗಿರಲಿಲ್ಲ.

ಜಾನ್-ಕ್ರಿಸ್ತೋಫ್ ಗ್ರಾಂಜೆಯ 1998ರ 'ಕೆನ್ನೀಲಿ ನದಿಗಳು' ಕೂಡ ಇದೇ ಸಾಲಿನದು. ಆಲ್ಪ್ಸ್ ಬೆಟ್ಟಗಳ ವಿಶ್ವವಿದ್ಯಾಲಯದ ಊರು, ಬೇರೆಬೇರೆ ಕಡೆ ನಡೆಯುವ ಎರಡು ತನಿಖೆಗಳು ಒಂದಾಗುವ ರೀತಿ ಎಲ್ಲವೂ ಭರ್ಜರಿಯಾಗಿದ್ದು, ಕೊನೆಯ ಪುಟಗಳಲ್ಲಿ ರಹಸ್ಯಗಳು ಒಂದರ ಮೇಲೊಂದು ಬಿದ್ದು ಮುಗ್ಗರಿಸುತ್ತವೆ.

ನನ್ನನ್ನು ಹೆಚ್ಚು ಕಾಡುವ ತೊಡಕು ಬೇರೆಯದು. ಈ ಪರಂಪರೆಯ ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಮತ್ತೆ ಮತ್ತೆ ಕಾಣುವ ದೃಶ್ಯ ಒಂದೇ: ಗಂಡಸೊಬ್ಬ ಸಂಚು ಹೂಡುತ್ತಾನೆ, ಹೆಣ್ಣೊಬ್ಬಳು ತನಗೆ ಹುಚ್ಚು ಹಿಡಿಯಿತೇನೋ ಎಂದು ತತ್ತರಿಸುತ್ತಾಳೆ. ದಾನಿ ಲೋಂಗೊ ಹಾಗೆ, ಸುಟ್ಟ ಮುಖದ ಹುಡುಗಿಯೂ ಬಹುಪಾಲು ಹಾಗೆ. ಪಿಯೆರ್ ಲೆಮೆತ್ರ್ 2009ರಲ್ಲಿ ಬರೆದ ಥ್ರಿಲ್ಲರಿನಲ್ಲಿ, ತಾನು ನೋಡಿಕೊಳ್ಳುತ್ತಿದ್ದ ಮಗು ಸತ್ತು ಬಿದ್ದದ್ದನ್ನು ಕಂಡು ತಾನೇ ಕೊಂದಿರಬೇಕೆಂದು ಓಡುವ ಸೋಫಿಯೂ ಹಾಗೆಯೇ. ಹೆಣ್ಣಿನ ಮನಸ್ಸನ್ನು ಒಡೆದು ಆ ಚೂರುಗಳಿಂದ ಒಗಟು ಕಟ್ಟುವುದು ಈ ಪ್ರಕಾರದ ಸುಲಭದ ದಾರಿಯಾಗಿಬಿಟ್ಟಿದೆ. ಮರೆವಿನ ಕಾಯಿಲೆಯೂ ಹಾಗೆಯೇ. ಲೇಖಕರಿಗೆ ಬೇಕಾದಾಗ ಹೋಗುತ್ತದೆ, ಬೇಕಾದಾಗ ಬರುತ್ತದೆ. ನಿಜವಾಗಿ ನೆನಪು ಕಳೆದುಕೊಂಡವರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಈ ಸಲೀಸುತನ ನೋವು ಕೊಡುತ್ತದೆ.

ಲೆಮೆತ್ರ್ ಅವರೇ 2011ರ 'ಅಲೆಕ್ಸ್' ಕಾದಂಬರಿಯಲ್ಲಿ ಇದನ್ನು ಮುರಿಯಲು ಯತ್ನಿಸಿದರು. ಅಪಹರಣವಾಗಿ ಮರದ ಪಂಜರದಲ್ಲಿ ತೂಗುಬಿದ್ದ ಹೆಣ್ಣಿಗಾಗಿ ಮೊದಲ ಭಾಗದಲ್ಲಿ ನಾವು ಮರುಗುತ್ತೇವೆ, ಎರಡನೆಯ ಭಾಗದಲ್ಲಿ ಮರುಗಿದ್ದಕ್ಕೆ ಕಂಗಾಲಾಗುತ್ತೇವೆ, ಮೂರನೆಯದರಲ್ಲಿ ಕಂಗಾಲಾದದ್ದಕ್ಕೆ ನಾಚುತ್ತೇವೆ. ಯಾರ ಮೇಲೆ ಎಷ್ಟು ಬೇಗ ತೀರ್ಪು ಕೊಡುತ್ತೇವೆ ಎಂಬ ನಮ್ಮ ದುರಭ್ಯಾಸವೇ ಇಲ್ಲಿ ಬೋನಿಗೆ ಬೀಳುತ್ತದೆ. ಆ ಮಟ್ಟಿಗೆ ತಿರುವುಗಳಿಗೆ ನ್ಯಾಯವಿದೆ. ಆದರೆ ಪಂಜರದ ಇಲಿಗಳನ್ನು, ಅವಳ ಮೈಯ ಹಿಂಸೆಯನ್ನು ಅಷ್ಟು ಚಪ್ಪರಿಸಿ ಬರೆಯಬೇಕಿತ್ತೆ ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ.

ಇಷ್ಟೆಲ್ಲ ಯಾಕೆ, ಇದು ರೈಲಿನಲ್ಲಿ ಹೊತ್ತು ಕಳೆಯಲು ಓದುವ ಪುಸ್ತಕ, ಪದಬಂಧದ ಹಾಗೆ ಬಿಡಿಸಿ ಪಕ್ಕಕ್ಕಿಟ್ಟರಾಯಿತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಥವಿಲ್ಲದಿಲ್ಲ, ಮನರಂಜನೆ ಕೀಳಲ್ಲ. ಆದರೆ ಪದಬಂಧದ ಚೌಕಗಳಿಗೆ ಹೆಸರಿಲ್ಲ, ಬಾಲ್ಯವಿಲ್ಲ, ಸಮುದ್ರ ನೋಡುವ ಆಸೆಯಿಲ್ಲ. ಕಾದಂಬರಿ ಮೊದಲು ಒಬ್ಬ ವ್ಯಕ್ತಿಯನ್ನು ನಮ್ಮೆದುರು ನಿಲ್ಲಿಸಿ, ಇವಳನ್ನು ನೋಡು, ಇವಳ ಬಗ್ಗೆ ಚಿಂತಿಸು ಎನ್ನುತ್ತದೆ. ಹಾಗೆ ಚಿಂತಿಸಿದ ಮೇಲೆ, ಅವಳು ಬರೀ ಕಾಯಿಯಾಗಿದ್ದಳು, ಆಟ ಮುಗಿಯಿತು ಎಂದರೆ ಮೋಸವಾದದ್ದು ನಮ್ಮ ಬುದ್ಧಿಗಲ್ಲ, ನಾವು ತೋರಿದ ಕಾಳಜಿಗೆ.

1970ರ ದಶಕದಲ್ಲಿ ಜಾನ್-ಪಾತ್ರಿಕ್ ಮಾಂಶೆಟ್ ಮೊದಲಾದವರು ಈ ಒಗಟಿನ ಮೋಹದಿಂದ ಬೇಸತ್ತು, ಅಪರಾಧ ಕಥೆಯನ್ನು ಸಮಾಜದ ವಿಮರ್ಶೆಗೆ ತಿರುಗಿಸಿದರು. ಒಗಟನ್ನೇ ಬಿಟ್ಟುಬಿಡುವುದು ಒಂದು ದಾರಿ. ಅದನ್ನು ಬಿಡದೆ ಬೇರೆ ಕೆಲಸಕ್ಕೆ ಹಚ್ಚಿದವರು ದಿದಿಯೆ ದೆನಾಂಕ್ಸ್. 1961ರ ಅಕ್ಟೋಬರ್ 17ರ ರಾತ್ರಿ, ಅಲ್ಜೀರಿಯನ್ನರ ಮೇಲೆ ಹೇರಿದ ಕರ್ಫ್ಯೂ ವಿರೋಧಿಸಿ ಪ್ಯಾರಿಸ್ಸಿನ ಬೀದಿಗಿಳಿದ ಅಲ್ಜೀರಿಯನ್ನರ ಮೇಲೆ ಪೊಲೀಸರು ಮುಗಿಬಿದ್ದರು, ಹೆಣಗಳನ್ನು ಸೇನ್ ನದಿಗೆಸೆದರು. ಸರ್ಕಾರ ಆಗ ಒಪ್ಪಿಕೊಂಡದ್ದು ಬೆರಳೆಣಿಕೆಯ ಸಾವುಗಳನ್ನು, ಇತಿಹಾಸಕಾರರ ಅಂದಾಜು ಅದರ ಹಲವು ಪಟ್ಟು. ದೆನಾಂಕ್ಸ್ 1983ರಲ್ಲಿ ಬರೆದ 'ನೆನಪಿಗಾಗಿ ಕೊಲೆಗಳು' ಆ ರಾತ್ರಿಯಿಂದಲೇ ಶುರುವಾಗುತ್ತದೆ. ಮೆರವಣಿಗೆಗೂ ತನಗೂ ಸಂಬಂಧವಿಲ್ಲದ ಇತಿಹಾಸದ ಮೇಷ್ಟ್ರೊಬ್ಬ ಗಲಾಟೆಯ ಮರೆಯಲ್ಲಿ ಕೊಲೆಯಾಗುತ್ತಾನೆ. ಇಪ್ಪತ್ತು ವರ್ಷಗಳ ನಂತರ ಅವನ ಮಗನೂ ತುಲೂಸ್ ಪಟ್ಟಣದಲ್ಲಿ ಕೊಲೆಯಾಗುತ್ತಾನೆ. ಇನ್‌ಸ್ಪೆಕ್ಟರ್ ಕಾದಾಂ ಎಳೆ ಹಿಡಿದು ಹೋದರೆ ಅದು ತಲುಪುವುದು ಇನ್ನೂ ಹಿಂದಿನ ಕಾಲಕ್ಕೆ, ಯಹೂದಿಗಳನ್ನು ಕೂಡಿಹಾಕಿದ ದ್ರಾಂಸಿ ಶಿಬಿರಕ್ಕೆ, ಅಲ್ಲಿಗೆ ಮಕ್ಕಳನ್ನು ಸಾಗಿಸುವ ಕಾಗದಕ್ಕೆ ಸಹಿ ಹಾಕಿದ ಅಧಿಕಾರಿಯೊಬ್ಬನ ಹತ್ತಿರಕ್ಕೆ. 1961ರಲ್ಲಿ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥನಾಗಿದ್ದ ಮೊರಿಸ್ ಪಪೋಂ, ಯುದ್ಧಕಾಲದಲ್ಲಿ ಬೋರ್ದೋದಿಂದ ಯಹೂದಿಗಳನ್ನು ಸಾಗಿಸಿದ್ದರಲ್ಲಿ ಪಾಲುದಾರನೆಂದು ನ್ಯಾಯಾಲಯದಲ್ಲಿ ಸಾಬೀತಾಗಿ ಹತ್ತು ವರ್ಷದ ಶಿಕ್ಷೆಯಾದದ್ದು 1998ರಲ್ಲಿ. ಅಷ್ಟರಲ್ಲಿ ಕಾದಂಬರಿ ಬಂದು ಹದಿನೈದು ವರ್ಷ ಕಳೆದಿತ್ತು. ಇಲ್ಲಿಯ ಗುಟ್ಟನ್ನು ಮುಚ್ಚಿಟ್ಟದ್ದು ಲೇಖಕರಲ್ಲ, ಒಂದು ರಾಜ್ಯ. ಹಾಗಾಗಿ ಅದನ್ನು ಬಿಚ್ಚುವ ಪ್ರತಿ ಹೆಜ್ಜೆಗೂ ಅರ್ಥವಿದೆ, ಕೊನೆ ಮೊದಲೇ ತಿಳಿದವನಿಗೂ ಅರ್ಥವಿದೆ.

ಜಪ್ರಿಜೊ ಕೂಡ ತಮ್ಮ ಕೊನೆಯ ಕಾದಂಬರಿಯಲ್ಲಿ ಇಲ್ಲಿಗೇ ಬಂದರು. 1991ರ 'ನಿಶ್ಚಿತಾರ್ಥದ ದೀರ್ಘ ಭಾನುವಾರ'ದಲ್ಲಿ, ಯುದ್ಧ ತಪ್ಪಿಸಿಕೊಳ್ಳಲು ತಮ್ಮ ಕೈಗೆ ತಾವೇ ಗುಂಡು ಹೊಡೆದುಕೊಂಡರೆಂಬ ಆರೋಪ ಹೊತ್ತ ಐವರು ಫ್ರೆಂಚ್ ಸೈನಿಕರನ್ನು 1917ರ ಜನವರಿಯ ಚಳಿಯಲ್ಲಿ, ಸೊಮ್ ರಣರಂಗದ ಎರಡು ಕಂದಕಗಳ ನಡುವಿನ ಬಯಲಿಗೆ ತಳ್ಳಲಾಗುತ್ತದೆ. ಕಥೆ ಕಲ್ಪಿತ, ಆದರೆ ಆ ಯುದ್ಧದಲ್ಲಿ ಫ್ರಾನ್ಸ್ ತನ್ನದೇ 600ಕ್ಕೂ ಹೆಚ್ಚು ಸೈನಿಕರನ್ನು ಗುಂಡಿಟ್ಟು ಕೊಂದದ್ದು ದಾಖಲಾದ ಸತ್ಯ. ಐವರಲ್ಲಿ ಕಿರಿಯವನು ಮಾನೆಕ್. ಬಾಲ್ಯದಿಂದ ನಡೆಯಲಾಗದ ಅವನ ಹುಡುಗಿ ಮತಿಲ್ಡ್ ಗಾಲಿಕುರ್ಚಿಯಲ್ಲಿ ಕೂತು, ಕಾಗದ ಬರೆದು ಬರೆದು, ಬಂದ ಉತ್ತರಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಟ್ಟು, ಐವರಿಗೂ ಏನಾಯಿತೆಂದು ಪತ್ತೆ ಮಾಡುತ್ತಾಳೆ. ಸತ್ತವನೊಬ್ಬನ ಕಾಲಲ್ಲಿ ಯಾರ ಬೂಟು ಇತ್ತು ಎಂಬಷ್ಟು ಸಣ್ಣ ಸುಳಿವಿನ ಮೇಲೆ ಕಥೆ ತಿರುಗುತ್ತದೆ. ಹೆಣಿಗೆಯ ಬಿಗಿಯಲ್ಲಿ ಅವರ ಹಿಂದಿನ ಯಾವ ಪುಸ್ತಕಕ್ಕೂ ಇದು ಕಡಿಮೆಯಿಲ್ಲ. ಕೊನೆಗೆ ಮಾನೆಕ್ ಬದುಕಿದ್ದಾನೆಂದು ತಿಳಿಯುತ್ತದೆ, ಆದರೆ ಅವನಿಗೆ ನೆನಪಿಲ್ಲ. ಅದೇ ಮರೆವು, 1963ರಲ್ಲಿ ಸಿಂಡರೆಲಾಳನ್ನು ಬೋನಿಗೆ ಕೆಡವಲು ಬಳಸಿದ್ದ ಸಾಧನವೇ. ಆಗ ಅದು ಓದುಗನ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಈಗ ಅದು ಯುದ್ಧ ಮಾಡಿದ ಗಾಯ, ಮತಿಲ್ಡ್ ಅದರ ಎದುರಿಗೇ ಕೂರಬೇಕು. ಇಷ್ಟಾಗಿಯೂ ಕಾದಂಬರಿಯಲ್ಲಿ ಕಾಕತಾಳೀಯ ಹೆಚ್ಚಾಯಿತು, ಸರಿಯಾದ ಕಾಗದ ಸರಿಯಾದ ಹೊತ್ತಿಗೇ ಅವಳ ಕೈ ಸೇರುತ್ತದೆ ಎಂಬ ಆಕ್ಷೇಪ ನನ್ನಲ್ಲಿ ಇದ್ದೇ ಇದೆ. ಸೆಳೆತ ಮತ್ತು ತೊಡಕು ಎರಡನ್ನೂ ಒಂದೇ ಪುಸ್ತಕದಲ್ಲಿ ಕಾಣಬಯಸುವ ಓದುಗರಿಗೆ ಮೊದಲು ಇದನ್ನೇ ಕೊಡುತ್ತೇನೆ, ಕೊನೆಯನ್ನು ಮುಂಚೆಯೇ ಹೇಳಿ.